ಉದ್ಯೋಗ: ಗೃಹಿಣಿ

ಮಾರ್ಚ್ 4, ಸೋಮವಾರ

ಹೆಂಡತಿ ಗಂಡನ ಹತ್ತಿರ ಹೋಗಬೇಕಾದರೆ ಅವಳು ಕಳ್ಳಿಯಲ್ಲ ಎಂದು ಪೊಲೀಸರು ಹೇಳಬೇಕಂತೆ, ರೋಗಿಷ್ಠೆಯಲ್ಲ ಎಂದು ಡಾಕ್ಟರು ಹೇಳಬೇಕಂತೆ. ಮದುವೆಗೆ ಮುಂಚೆ ಇಷ್ಟು ವಿಚಾರಿಸಿದ್ದರೆ ಅದಕ್ಕೊಂದು ಅರ್ಥವಿತ್ತು. ಆಗ ಇವರ ಕಡೆಯವರು ಕೇಳಿದ್ದು ಒಂದೇ ಮಾತು: ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪವಂತೆ, ಹೌದೇ? ನಮ್ಮಪ್ಪ ಇಲ್ಲವೇ ಇಲ್ಲ ಎಂದು ಹೇಳಿ ಮದುವೆ ಮುಗಿಸಿಬಿಟ್ಟರು.

ಇವತ್ತು ವೀಸಾ ಏಜೆಂಟಿನ ಆಫೀಸಿಗೆ ಹೋಗಿದ್ದೆ. ಏನು ಕೇಳಿದರೂ ‘ಆಗುತ್ತೆ ಬಿಡಿ’ ಎನ್ನುವುದರಿಂದ ನಾನೂ ಅತ್ತೆಯೂ ಅವನಿಗೆ ಅದೇ ಹೆಸರಿಟ್ಟಿದ್ದೇವೆ. ಅರ್ಜಿಯನ್ನು ಇವರು ತಾವಿರುವ ದೇಶದಿಂದಲೇ, ಫೋನಿನಲ್ಲಿ ಆಗುತ್ತೆಬಿಡಿಯ ಜೊತೆ ಮಾತಾಡಿಕೊಂಡು ತುಂಬಿಸಿ ಕಳಿಸಿಯಾಗಿದೆ. ಇನ್ನು ನನ್ನ ಪಾಲಿನದು ಬಾಕಿ. ವೈದ್ಯಕೀಯ ತಪಾಸಣೆ, ಬೆರಳಚ್ಚು ಕೊಟ್ಟು ತರಬೇಕಾದ ಪೊಲೀಸ್ ಪ್ರಮಾಣಪತ್ರ, ಫೋಟೋ. ಫೋಟೋದಲ್ಲಿ ಕಿವಿ ಕಾಣಬೇಕು, ಹಲ್ಲು ಕಾಣಬಾರದು, ನಗಬಾರದು. ನಗದೇ ಇರುವುದು ಮಾತ್ರ ನನಗೆ ಕಷ್ಟವಾಗಲಿಲ್ಲ.

ಇವರು ಹೋಗಿ ನಾಲ್ಕನೇ ವರ್ಷ ನಡೆಯುತ್ತಿದೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತಾರೆ. ಈ ಸಲ ಫೈಲು ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕಲು ವರ್ಷಗಟ್ಟಲೆ ಕಾಯಬೇಕಂತೆ. ಅಷ್ಟರಲ್ಲಿ ನಾವಿಬ್ಬರೂ ಗಂಡ ಹೆಂಡತಿ ಎನ್ನುವುದು ನಮಗೇ ಮರೆತು ಹೋಗಿರುತ್ತದೆ. ಅತ್ತೆಗೆ ಅಂಥ ಚಿಂತೆಯೇನಿಲ್ಲ. ನಾನು ಹೊರಟರೆ ಮಗಳ ಮನೆಗೆ ಹೋಗಿ ಮೊಮ್ಮಕ್ಕಳನ್ನು ಹಾಳು ಮಾಡುವ ಯೋಚನೆಯಲ್ಲಿ ಹುರುಪಾಗಿದ್ದಾರೆ.

ಲಾಂಡ್ರಿಯಲ್ಲಿ ಅಕ್ಕನಿಗೂ ಹೇಳಿದೆ. ಅಕ್ಕ ನನ್ನ ಒಡಹುಟ್ಟಿದವಳಲ್ಲ, ಕೆಲಸದ ಜೋಡಿ. ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಶೀಟು ಹೊರಬೀಳುತ್ತಿದ್ದ ಹಾಗೆ ಇಬ್ಬರು ಎರಡು ಕಡೆ ನಿಂತು ಮೂಲೆ ಹಿಡಿದು ಮಡಚಬೇಕು. ಎಷ್ಟೋ ವರ್ಷದಿಂದ ಆ ಕಡೆ ಅಕ್ಕ, ಈ ಕಡೆ ನಾನು.

“ಹೋಗು ಮೆಣಸಿನಕಾಯಿ, ಅಲ್ಲಿಯವರನ್ನೂ ಒಂದಿಷ್ಟು ಉರಿಸು” ಎಂದಳು. ಅವಳು ನನ್ನನ್ನು ಕರೆಯುವುದೇ ಹಾಗೆ.

ಈ ಲಾಂಡ್ರಿಯಿಂದ ಹೊರಬಿದ್ದರೆ ಸಾಕಾಗಿದೆ. ಬೇಸಿಗೆಯಲ್ಲಿ ರೋಲರಿನ ಮುಂದೆ ನಿಂತವರಿಗೆ ನರಕದ ಹೆದರಿಕೆ ಉಳಿಯುವುದಿಲ್ಲ.

ಮಾರ್ಚ್ 12, ಮಂಗಳವಾರ

ಸಿಟ್ಟಿಗೆ ಪೆನ್ನಿನ ಮೊನೆ ಹಾಳೆಯನ್ನು ಹರಿಯುತ್ತಿದೆ. 

ಬೇರೆ ಡಾಕ್ಟರುಗಳ ಹತ್ತಿರ ಹೋಗುವಂತಿಲ್ಲ, ಆ ದೇಶದವರು ಒಪ್ಪಿದ ಒಂದೇ ಕ್ಲಿನಿಕ್ಕು. ಬೆಳಿಗ್ಗೆಯೇ ಹೋಗಿ ಅತ್ತೆಯ ಜೊತೆ ಬೆಂಚಿನ ಮೇಲೆ ಕೂತೆ. ತೂಕ ನೋಡಿದರು, ಎತ್ತರ ಅಳೆದರು, ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದರು, ರಕ್ತ ತೆಗೆದರು, ಕೈಗೊಂದು ಡಬ್ಬಿ ಕೊಟ್ಟು ಅಲ್ಲಿ ಹೋಗಿ ಬನ್ನಿ ಎಂದರು. ಆಮೇಲೆ ಹಿಂದೆ ದಾರ ಕಟ್ಟುವ ಗೌನು ಕೊಟ್ಟರು. ನೋಡಿದರೆ ನಮ್ಮ ಲಾಂಡ್ರಿಯದೇ. ಕೊರಳಿನ ಒಳಗೆ ನಮ್ಮ ನೀಲಿ ಗುರುತು ಇತ್ತು. ಒಂದು ದಾರ ಕಿತ್ತು ಹೋಗಿತ್ತು. ಕಿತ್ತದ್ದನ್ನು ಹೊಲಿಗೆಗೆ ಹಾಕದೆ ಹಾಗೇ ಮಡಚಿ ಕಳಿಸುವವರು ಮಧ್ಯಾಹ್ನದ ಪಾಳಿಯವರೇ. ಎಕ್ಸ್-ರೇ ಯಂತ್ರಕ್ಕೆ ಎದೆ ಒತ್ತಿ ಉಸಿರು ಬಿಗಿ ಹಿಡಿದು ನಿಂತಾಗಲೂ ಬೆನ್ನು ತೆರೆದುಕೊಂಡಿದೆ ಎನ್ನುವುದೇ ತಲೆಯಲ್ಲಿ.

ಕೊನೆಗೆ ಡಾಕ್ಟರಮ್ಮ. ಒಳ್ಳೆಯ ಹೆಂಗಸು, ಮೆತ್ತಗಿನ ಮಾತು. ನನ್ನ ಮುಂಗೈ ತಿರುಗಿಸಿ ನೋಡಿದರು. ರೋಲರಿನ ಅಂಚು ತಾಗಿ ಆದ ಬರೆಗಳು ಅಲ್ಲಿ ಸಾಲಾಗಿವೆ, ಕೆಲವು ಹಳೆಯವು, ಒಂದೆರಡು ಈಚಿನವು. ಲಾಂಡ್ರಿಯಲ್ಲಿ ಎಲ್ಲರ ಕೈಯೂ ಹೀಗೆಯೇ ಇರುವುದರಿಂದ ನನಗೆ ಅವು ಕಾಣುವುದೇ ಇಲ್ಲ. ಡಾಕ್ಟರಮ್ಮ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅತ್ತೆಯ ಮುಖ ನೋಡಿದರು. ಆಮೇಲೆ ಅತ್ತೆಗೆ, “ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮ” ಎಂದರು.

ಬಾಗಿಲು ಮುಚ್ಚಿದ ಮೇಲೆ ಕೇಳಿದರು. “ಇದು ಯಾರು ಮಾಡಿದ್ದು?”

“ಯಾರು ಮಾಡಿದ್ದು ಅಂದ್ರೆ?”

“ಹೆದರಬೇಡಿ. ನಿಮ್ಮ ಗಂಡ ಊರಲ್ಲಿಲ್ಲ ಅಂತ ಗೊತ್ತು. ಮನೇಲಿ ಬೇರೆ ಯಾರಾದ್ರೂ ತೊಂದ್ರೆ ಕೊಡ್ತಾರಾ? ಹಳೇ ಗಾಯಗಳೂ ಇವೆ. ಮುಂಚೆ ಗಂಡ ಏನಾದ್ರೂ...”

ನಗು ಬಂತು. ಕೆಲಸದ ಜಾಗದಲ್ಲಿ ಆದದ್ದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ತಮ್ಮ ಕಂಪ್ಯೂಟರನ್ನೇ ನೋಡುತ್ತ, “ಅರ್ಜೀಲಿ ಗೃಹಿಣಿ ಅಂತಿದೆ. ಮನೇಲೇ ಇರೋರಿಗೆ ಹೀಗೆ ಸಾಲಾಗಿ ಸುಡೋದು ಹೇಗೆ?” ಎಂದರು.

ಗೃಹಿಣಿ. ಎಷ್ಟೋ ಹೊತ್ತು ನನಗೆ ಆ ಪದ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಇನ್ನೊಂದೂ ಹೊಳೆಯಿತು. ಲಾಂಡ್ರಿ ಎಂದು ನಾನು ಈಗ ಹೇಳಿದರೆ ಅರ್ಜಿಯಲ್ಲಿ ಇವರು ಬರೆದದ್ದು ಸುಳ್ಳು ಎಂದಾಗುತ್ತದೆ. ಸುಳ್ಳು ಬರೆದ ಅರ್ಜಿ ಕಸದ ಬುಟ್ಟಿಗೆ. ನುಂಗಲಾರದ ತುತ್ತು, ಆದರೂ ನುಂಗಿದೆ.

“ಏನೋ ಆಯ್ತು ಬಿಡಿ” ಎಂದೆ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಏನನ್ನೋ ಟೈಪು ಮಾಡಿದರು. ಹೊರಗೆ ಬಂದಾಗ ಅತ್ತೆ, ಎದೆಯಲ್ಲಿ ಏನಾದರೂ ಇದೆಯಂತಾ ಎಂದು ಕೇಳಿದರು. ಎದೆಯಲ್ಲಿ ಏನೇನಿದೆ ಎಂದು ಆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು.

ಮಾರ್ಚ್ 13

ಫೋನು ಮಾಡಿದೆ. ಆ ಮಹಾನುಭಾವರು ಊಟ ಮಾಡುತ್ತಿದ್ದರು.

“ರೀ, ನಾನೇನು ಕೆಲಸ ಮಾಡ್ತೀನಿ?”

“ಏನಾಯ್ತೀಗ?”

“ಕೇಳಿದ್ದಕ್ಕೆ ಹೇಳಿ.”

ತಟ್ಟೆ ಸರಿಸಿದ ಸದ್ದು ಕೇಳಿಸಿತು. ಆಮೇಲೆ, “ಏಜೆಂಟೇ ಹೇಳಿದ, ಸರಳವಾಗಿ ಬರೀರಿ ಅಂತ. ಲಾಂಡ್ರಿ ಅಂದ್ರೆ ಸಂಬಳದ ಚೀಟಿ ಕೇಳ್ತಾರೆ, ಅದೂ ಇದೂ ಕೇಳ್ತಾರೆ. ಹೇಗಿದ್ರೂ ಬಿಟ್ಟು ಬರೋ ಕೆಲಸ. ಹೇಳ್ಕೊಳ್ಳೋ ಅಂಥದ್ದೇನಿದೆ ಅದರಲ್ಲಿ?” ಎಂದರು.

ಹೇಳಿಕೊಳ್ಳುವಂಥದ್ದೇನಿದೆ. ಇವರು ಅಲ್ಲಿ ಕೆಲಸ ಸಿಗದೆ ಅಲೆದಾಡುತ್ತಿದ್ದಾಗ ಇಲ್ಲಿ ಒಲೆ ಉರಿದದ್ದು ಯಾವುದರಿಂದ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ, ಫೋನಿಟ್ಟೆ. ಇಟ್ಟೆ ಎನ್ನುವುದಕ್ಕಿಂತ ಕುಕ್ಕಿದೆ. ಗಾಜು ಬಿರುಕು ಬಿಟ್ಟಿದೆ.

ಅತ್ತೆ ಅಡುಗೆಮನೆಯಿಂದಲೇ ಹೇಳಿದರು. “ಗೃಹಿಣಿ ಅಂದ್ರೆ ಬೈಗುಳ ಏನಲ್ಲ ತಾಯಿ. ನಾನು ಜೀವಮಾನ ಪೂರ್ತಿ ಅದೇ.”

“ನೀವು ಆಗಿದ್ರಿ, ಅದಕ್ಕೆ ನಿಮ್ಮನ್ನ ಹಾಗಂದ್ರು. ನಾನು ಆಗಿಲ್ವಲ್ಲ.”



ಮಾರ್ಚ್ 20, ಬುಧವಾರ

ಪೊಲೀಸ್ ಆಫೀಸು. ಕುರ್ಚಿಗಳು ಕಮ್ಮಿ, ಜನ ಜಾಸ್ತಿ, ಫ್ಯಾನಿನ ಕೆಳಗಿನ ಜಾಗ ಮಾತ್ರ ಅವರದ್ದೇ ಸಿಬ್ಬಂದಿಗೆ. ನನ್ನ ಸರದಿ ಬಂದಾಗ ಪೊಲೀಸಮ್ಮ ನನ್ನ ಬೆರಳನ್ನು ಒಂದೊಂದಾಗಿ ಹಿಡಿದು ಗಾಜಿನ ಮೇಲೆ ಒತ್ತಿದಳು. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಮತ್ತೆ ಒತ್ತಿದಳು, ಮತ್ತೆ ಕೆಂಪು. ಕೊನೆಗೆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

“ಏನಮ್ಮಾ, ಗೆರೆನೇ ಇಲ್ವಲ್ಲ ಇದರಲ್ಲಿ. ಕಳ್ಳತನ ಮಾಡಿದ್ರೂ ನೀವು ಸಿಕ್ಕಿಹಾಕ್ಕೊಳಲ್ಲ ಬಿಡಿ.”

ಪಕ್ಕದ ಟೇಬಲ್ಲಿನವರೆಲ್ಲ ನಕ್ಕರು. ಬ್ಲೀಚಿನಲ್ಲಿ ನೆನೆದ ಬಟ್ಟೆ ಎತ್ತಿ, ಅದರ ಮೇಲೆ ಬಿಸಿ ಶೀಟಿನ ಮೂಲೆ ಹಿಡಿದು ಹಿಡಿದು ಸವೆದದ್ದು ಎಂದು ಹೇಳಲು ನಾಲಿಗೆ ತುರಿಸಿತು. ಹೇಳುವ ಹಾಗಿಲ್ಲವಲ್ಲ, ನಾನು ಗೃಹಿಣಿ. ಬಂದಷ್ಟು ಬಂತು ಎಂದು ಕಳಿಸಿದ್ದಾರೆ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈ ಸವೆದದ್ದಕ್ಕೆ ಸಿಕ್ಕಿದ್ದು ಕಳ್ಳಿ ಎನ್ನುವ ತಮಾಷೆ.

ಏಪ್ರಿಲ್ 5, ಶುಕ್ರವಾರ

ಬೆರಳಚ್ಚು ವಾಪಸ್ಸು ಬಂತು. ಓದಲು ಬರುವುದಿಲ್ಲವಂತೆ.

ಆಗುತ್ತೆಬಿಡಿ ಎರಡು ದಾರಿ ಹೇಳಿದ. ಒಂದು, ಈ ಹೆಂಗಸು ಇಂಥ ಕಡೆ ಇಂಥ ಕೆಲಸ ಮಾಡಿ ಬೆರಳು ಸವೆದಿದೆ ಎಂದು ಲಾಂಡ್ರಿಯಿಂದ ಪತ್ರ ತರುವುದು, ಆಗ ಬರೀ ಹೆಸರಿನ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. ಇನ್ನೊಂದು, ಕೆಲಸ ಬಿಟ್ಟು ಮನೆಯಲ್ಲಿ ಕೂರುವುದು, ನೀರು ಮುಟ್ಟದೆ, ಬಿಸಿ ಮುಟ್ಟದೆ, ಎಣ್ಣೆ ಹಚ್ಚಿಕೊಂಡು. ಕೆಲವು ವಾರದಲ್ಲಿ ಗೆರೆ ಮತ್ತೆ ಏಳುತ್ತದಂತೆ.

“ಮೊದಲನೇದು ಮಾಡಿದ್ರೆ ಅರ್ಜಿ ತಿದ್ದಬೇಕಾಗುತ್ತೆ. ಸುಳ್ಳು ಯಾಕೆ ಬರೆದ್ರಿ ಅಂತ ಶುರು ಮಾಡ್ತಾರೆ. ಎರಡನೇದೇ ವಾಸಿ. ಆಗುತ್ತೆ ಬಿಡಿ.”

ಇವರಿಗೆ ಫೋನು ಮಾಡಿದರೆ ಇವರದ್ದೂ ಅದೇ ರಾಗ. “ಇಷ್ಟು ವರ್ಷ ದುಡಿದಿದ್ದೀಯ. ಸ್ವಲ್ಪ ದಿನ ಆರಾಮಾಗಿ ಕೂತ್ಕೋ.”

ಆರಾಮಂತೆ. ನನಗೆ ಕೂರಲು ಬಂದಿದ್ದರೆ ಇಷ್ಟೆಲ್ಲ ಯಾಕೆ.

ಆದರೂ ಲಾಂಡ್ರಿಯ ಮೇಸ್ತ್ರಿಗೆ ರಜೆ ಹೇಳಿ ಬಂದೆ. ಅಕ್ಕ ಕೈ ಒರೆಸಿಕೊಳ್ಳುತ್ತ, “ನಂಗೇನು, ಯಾವುದೋ ಹೊಸ ಹುಡುಗಿ ಬರ್ತಾಳೆ. ನೀನಂತೂ ಮಡಚೋಕ್ಕಿಂತ ಬಯ್ಯೋದೇ ಜಾಸ್ತಿ” ಎಂದಳು. ನಾನು ಹೊರಡುವಾಗ ನನ್ನ ಕಡೆ ನೋಡಲಿಲ್ಲ.

ಏಪ್ರಿಲ್ 9

ಕೂತಿದ್ದೇನೆ.

ಏಪ್ರಿಲ್ 11

ಅತ್ತೆ ಪಾತ್ರೆ ಮುಟ್ಟಲು ಬಿಡುತ್ತಿಲ್ಲ. ನನ್ನ ತಟ್ಟೆಯನ್ನೂ ಅವರೇ ತೊಳೆಯುತ್ತಾರೆ, ತೊಳೆಯುತ್ತ ಗೊಣಗುತ್ತಾರೆ. “ಸೊಸೆ ಬಂದ ಮೇಲೆ ಸುಖ ಅಂದಿದ್ರು. ಈ ವಯಸ್ಸಿಗೆ ಸೊಸೆಗೆ ಬಾಣಂತನ.” ದಿನಕ್ಕೆರಡು ಸಲ ಹತ್ತಿರ ಕೂರಿಸಿಕೊಂಡು ಬೆರಳಿಗೆ ಎಣ್ಣೆ ತಿಕ್ಕುತ್ತಾರೆ. ಕನ್ನಡಕ ಏರಿಸಿಕೊಂಡು ಗೆರೆ ಬಂತಾ ಎಂದು ನೋಡುತ್ತಾರೆ.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ಇದೇ ಮೊದಲು. ಅದಕ್ಕೂ ಸರ್ಕಾರಿ ಕಾರಣ ಬೇಕಾಯಿತು.

ಏಪ್ರಿಲ್ 12

ಮನೆಯ ಹಾಸಿಗೆಯ ಬಟ್ಟೆಗಳನ್ನೆಲ್ಲ ತೆಗೆದು ಮತ್ತೆ ಮಡಚಿದೆ. ಒಬ್ಬಳೇ ಮಡಚಿದರೆ ಮೂಲೆ ಕೂಡುವುದಿಲ್ಲ. ಸಿಟ್ಟು ಬಂದು ಎಲ್ಲ ಹಾಗೇ ತುರುಕಿದೆ.

ಏಪ್ರಿಲ್ 18, ಗುರುವಾರ

ಬೆಂಕಿ ಬಿತ್ತು. ಆ ದೇಶದ ಆಫೀಸಿನಿಂದ ಪತ್ರ ಬಂದಿದೆ. ಅರ್ಜಿದಾರರ ಎರಡೂ ಮುಂಗೈಗಳಲ್ಲಿ ಸುಟ್ಟ ಗಾಯದ ಗುರುತುಗಳಿವೆ, ಅರ್ಜಿದಾರರು ಕಾರಣ ಹೇಳಲು ಒಪ್ಪಲಿಲ್ಲ ಎಂದು ಡಾಕ್ಟರು ಬರೆದಿದ್ದಾರಂತೆ. ವಿವರಣೆ ಕೊಡಬೇಕು. ಕರೆಸಿಕೊಳ್ಳುತ್ತಿರುವ ಗಂಡ ಕೈ ಮಾಡುವವನಲ್ಲ ಎಂದು ಖಾತರಿಯಾಗುವ ತನಕ ಫೈಲು ಅಲುಗುವುದಿಲ್ಲ.

ಇರುವೆ ಕಂಡರೆ ಪಕ್ಕಕ್ಕೆ ಕಾಲಿಡುವ ಮನುಷ್ಯ ಇವರು. ನಾನು ಕಿರುಚಿದರೆ ಕಿಟಕಿ ಮುಚ್ಚುವವರು. ಇವರು ಹೆಂಡತಿಯನ್ನು ಸುಟ್ಟ ಗಂಡನಂತೆ. ಅದೂ ತಾವೇ ಬರೆದ ‘ಗೃಹಿಣಿ’ಯಿಂದ. ಲಾಂಡ್ರಿ ಎಂದು ಒಂದು ಪದ ಬರೆದಿದ್ದರೆ ಮುಗಿಯುತ್ತಿತ್ತು.

ಆಗುತ್ತೆಬಿಡಿ ಮನೆಗೇ ಬಂದ. “ಅಡುಗೆ ಮನೇಲಿ ಎಣ್ಣೆ ಸಿಡೀತು ಅಂತ ಬರೆಯೋಣ. ನಾನು ಕಣ್ಣಾರೆ ನೋಡಿದೆ ಅಂತ ಅತ್ತೆಯವರು ಸಹಿ ಹಾಕಲಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

ಅತ್ತೆ ಕನ್ನಡಕ ತೆಗೆದಿಟ್ಟರು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ತಪ್ಪು ಬರೆದೋನು ನೀನು, ಬರೆಸಿದೋನು ನನ್ನ ಮಗ. ನಾನ್ಯಾಕಪ್ಪ ಸಹಿ ಹಾಕಲಿ?”

“ಸುಮ್ಮನೆ ಒಂದು ಸಹಿ ಅಮ್ಮ.”

“ನನ್ನ ಅಡುಗೆ ಮನೇಲಿ ಇಷ್ಟು ವರ್ಷದಲ್ಲಿ ಒಬ್ಬರೂ ಸುಟ್ಕೊಂಡಿಲ್ಲ. ಈಗ ಸುಟ್ಕೊಂಡ್ರು ಅಂತ ನಾನೇ ಬರ್ಕೊಡ್ಲಾ? ಎದ್ದು ಹೋಗು.”

ಅವನು ಎದ್ದು ಹೋದ. ನಾನು ಬಾಗಿಲವರೆಗೂ ಹೋಗಿ, ಅವನು ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತೂ ಬೈದೆ. ಒಳಗೆ ಬಂದರೆ ಅತ್ತೆ ಕನ್ನಡಕ ಕೈಯಲ್ಲಿ ಹಿಡಿದು ಕೂತಿದ್ದಾರೆ. “ಆವತ್ತು ನನ್ನ ಹೊರಗೆ ಕೂರಿಸಿದ್ದು ಇದಕ್ಕಾ? ನಾನು ಸುಟ್ಟೆ ಅಂತಾನಾ?” ಎಂದು ಕೇಳಿದರು. ನನಗೆ ಅಳು ಬಂತು, ಅದಕ್ಕೆ ಅವರನ್ನೂ ಗದರಿದೆ.

ಏಪ್ರಿಲ್ 27, ಶನಿವಾರ

ಬೆರಳಲ್ಲಿ ಗೆರೆ ಬಂದಿದೆ. ಸಣ್ಣ ಮಗುವಿನ ಬೆರಳ ಹಾಗೆ ಕೆಂಪಗಿದೆ. ಅತ್ತೆ ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದರು.

ಮಧ್ಯಾಹ್ನ ಸುಮ್ಮನೆ ಲಾಂಡ್ರಿ ಕಡೆ ಹೋದೆ. ರೋಲರಿನ ಮುಂದೆ ಯಾರೋ ಇಬ್ಬರು ಹೊಸಬರು. ಶೀಟು ನೆಲಕ್ಕೆ ತಾಗುತ್ತಿದೆ, ಅವರಿಗೆ ಅದರ ಪರಿವೆಯೇ ಇಲ್ಲ. ಅಕ್ಕ ಎಲ್ಲಿ ಎಂದು ಕೇಳಿದರೆ ಮೇಸ್ತ್ರಿ ಹಿಂದಿನ ಬಾಗಿಲು ತೋರಿಸಿದ.

ಹಿಂದಿನದು ಕೊಳೆ ಕೋಣೆ. ಆಸ್ಪತ್ರೆಯಿಂದ ಮೂಟೆ ಮೂಟೆ ಬಂದದ್ದನ್ನು ಬಿಚ್ಚಿ ವಿಂಗಡಿಸುವ ಜಾಗ. ರಕ್ತದ್ದು ಒಂದು ಕಡೆ, ಉಳಿದದ್ದು ಒಂದು ಕಡೆ, ಮಡಿಕೆಯಲ್ಲಿ ಮರೆತುಹೋದ ಸೂಜಿಗಳು ಬೇರೆ. ಲಾಂಡ್ರಿಗೆ ಹೊಸದಾಗಿ ಸೇರಿದವರನ್ನು ಹಾಕುವುದು ಅಲ್ಲಿಗೆ. ಅಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಕ್ಕ ಕೂತಿದ್ದಳು.

“ಯಾರು ಹಾಕಿದ್ದು ನಿನ್ನ ಇಲ್ಲಿ?”

“ಯಾರೂ ಇಲ್ಲ ಕಣೇ. ಜೋಡಿ ಇಲ್ಲದೋರನ್ನ ರೋಲರಿಗೆ ನಿಲ್ಸಿ ಏನ್ಮಾಡ್ತಾರೆ? ಹೊಸಬರ ಜೊತೆ ನಿಂತೆ. ನನ್ನ ಕೈ ನಿನ್ನ ಲೆಕ್ಕಕ್ಕೇ ಹೋಗುತ್ತೆ, ಅವರಿಗೆ ಹೊಂದಲ್ಲ.”

“ನಂಗ್ಯಾಕೆ ಹೇಳಿಲ್ಲ?”

“ಹೇಳಿದ್ರೆ ನೀನು ಸುಮ್ನೆ ಕೂರ್ತಿದ್ಯಾ? ನಿನ್ನ ಬೆರಳು ಸರಿಯಾಗ್ಲಿ ಅಂತ ಸುಮ್ಮನಿದ್ದೆ. ಎಲ್ಲಿ, ತೋರ್ಸು.”

ತೋರಿಸಿದೆ. ಕೈಗವಸು ತೆಗೆಯದೆ ದೂರದಿಂದಲೇ ನೋಡಿದಳು. “ಚೆನ್ನಾಗಿದೆ. ಮಹಾರಾಣಿ ಬೆರಳು” ಎಂದು ಕೆಮ್ಮಿದಳು.

ಮೇಸ್ತ್ರಿಯ ಹತ್ತಿರ ಹೋಗಿ ಕೂಗಾಡಿದೆ. ಅವನು ಶಾಂತವಾಗಿ, ನೀನು ರಜೆಯಲ್ಲಿದ್ದೀಯಲ್ಲ ಎಂದ. ದಾರಿಯುದ್ದಕ್ಕೂ ಯಾರನ್ನು ಬೈಯಬೇಕು ಎಂದು ಹುಡುಕಿದೆ. ಪೊಲೀಸಮ್ಮ, ಡಾಕ್ಟರಮ್ಮ, ಆಗುತ್ತೆಬಿಡಿ, ಯಾರೂ ಸಾಕಾಗಲಿಲ್ಲ. ‘ಹೇಳಿಕೊಳ್ಳುವಂಥದ್ದೇನಿದೆ’ ಎಂದ ಮನುಷ್ಯನ ಹತ್ತಿರವೇ ಬಂದು ನಿಲ್ಲುತ್ತದೆ ಎಲ್ಲ.

ಮೇ 6, ಸೋಮವಾರ

ಮತ್ತೆ ಪೊಲೀಸ್ ಆಫೀಸು. ಅದೇ ಪೊಲೀಸಮ್ಮ. ಬೆರಳು ಗಾಜಿನ ಮೇಲೆ ಇಟ್ಟ ಕೂಡಲೇ ಹಸಿರು ದೀಪ. ಹತ್ತಕ್ಕೆ ಹತ್ತೂ ಹಸಿರು. “ಈಗ ನೋಡಿ, ಈಗ ಕಳ್ಳತನ ಮಾಡೋ ಹಾಗಿಲ್ಲ” ಎಂದು ನಕ್ಕಳು. ಆಮೇಲೆ ಕಂಪ್ಯೂಟರಿನಲ್ಲಿ ವಿವರ ತುಂಬುತ್ತ, “ಉದ್ಯೋಗ... ಗೃಹಿಣಿ” ಎಂದು ತಾನೇ ಹೇಳಿಕೊಂಡಳು.

“ಹಾಗೆ ಬರೀಬೇಡಿ.”

“ಅರ್ಜೀಲಿ ಹಾಗೇ ಇದೆಯಲ್ಲಮ್ಮ.”

“ಅದು ತಪ್ಪು. ಲಾಂಡ್ರಿ ಕೆಲಸ ಅಂತ ಬರೀರಿ. ಶೀಟು ಮಡಚೋದು.”

“ಅಲ್ಲಿದ್ದದ್ದಕ್ಕೂ ಇದಕ್ಕೂ ತಾಳೆ ಆಗದಿದ್ರೆ ನಿಮಗೇ ತೊಂದ್ರೆ. ಯೋಚ್ನೆ ಮಾಡಿ ಹೇಳಿ.”

ಯೋಚನೆ ಮಾಡಲಿಲ್ಲ. ಮಾಡಿದ್ದರೆ ಹೇಳುತ್ತಿರಲಿಲ್ಲ. ತೋಳು ಮೇಲೇರಿಸಿ ಬರೆಗಳನ್ನು ತೋರಿಸಿದೆ. “ಇದು ರೋಲರಿಂದು. ಬೆರಳು ಸವೆದಿದ್ದೂ ಅದರಿಂದಾನೇ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ಹಿಡಿದು ಸಾಕಾಗಿದೆ ನಂಗೆ. ಬರೀರಿ.”

ಬರೆದಳು. ಈ ಸಲ ಯಾರೂ ನಗಲಿಲ್ಲ. ಹೋಗುತ್ತ ಲಾಂಡ್ರಿಗೆ ನುಗ್ಗಿ ಮೇಸ್ತ್ರಿಯಿಂದ ಪತ್ರ ಬರೆಸಿಕೊಂಡು, ಆಗುತ್ತೆಬಿಡಿಯ ಮೇಜಿನ ಮೇಲೆ ಇಟ್ಟು, ಆ ದೇಶದ ಆಫೀಸಿಗೆ ಇದೇ ವಿವರಣೆ ಎಂದೆ. ಅವನ ಬಾಯಿಂದ ಆಗುತ್ತೆ ಎನ್ನುವ ಮಾತು ಬರಲಿಲ್ಲ.

ಮೇ 7

ಕೆಲಸಕ್ಕೆ ಹೋದೆ. ಅಕ್ಕನನ್ನು ಕೊಳೆ ಕೋಣೆಯಿಂದ ಎಳೆದು ತಂದು ರೋಲರಿನ ಮುಂದೆ ನಿಲ್ಲಿಸಿದೆ. ಮೊದಲ ಶೀಟು ಹೊರಗೆ ಬಂತು, ಮೂಲೆ ಹಿಡಿದೆ, ಅಯ್ಯೋ ಎಂದು ಬಿಟ್ಟೆ. ಹೊಸ ಬೆರಳಿಗೆ ಬಿಸಿ ತಡೆಯುವುದಿಲ್ಲ. ಎರಡನೆಯದೂ ಬಿತ್ತು. ಹೊಸ ಹುಡುಗಿಯರು ನೋಡುತ್ತಿದ್ದರು, ಅವಮಾನ ನೆತ್ತಿಗೇರಿತು. ಅಕ್ಕ ನನ್ನ ಬೆರಳುಗಳಿಗೆ ಒದ್ದೆ ಬಟ್ಟೆ ಸುತ್ತಿದಳು.

ಸಂಜೆಗೆ ಬೆರಳ ತುಂಬ ಬೊಕ್ಕೆ. ಅತ್ತೆ ನೋಡಿ, “ನನ್ನ ಎಣ್ಣೆಯೆಲ್ಲ ಹೊಳೆಗೆ ಹೋಯ್ತು” ಎಂದು ತಲೆ ಚಚ್ಚಿಕೊಂಡರು. ಊಟ ಕಲಸಿ ಕೈತುತ್ತು ಕೊಟ್ಟರು. ನಿದ್ದೆ ಚೆನ್ನಾಗಿ ಬರುತ್ತಿದೆ, ಹೆಚ್ಚು ಬರೆಯಲಾರೆ.

ಮೇ 12, ಭಾನುವಾರ

ಇವರಿಗೆ ಆಗುತ್ತೆಬಿಡಿಯಿಂದ ಎಲ್ಲ ಗೊತ್ತಾಗಿದೆ. ಫೋನು ಬಂತು. ಜಗಳಕ್ಕೆ ತಯಾರಾಗಿಯೇ ಎತ್ತಿದೆ.

“ನನ್ನ ಕೇಳದೆ ಯಾಕೆ ಹೇಳ್ದೆ?”

“ನೀವು ನನ್ನ ಕೇಳಿ ಬರೆದ್ರಾ?”

“ಫೈಲು ಹೋಗುತ್ತೆ ಕಣೇ. ವರ್ಷಗಟ್ಟಲೆ ಹೋಗುತ್ತೆ.”

“ಹೋಗ್ಲಿ. ನಮ್ಮಮ್ಮನ ಹಾಗೆ ನನ್ನ ತಟ್ಟೆ ತೊಳೆದು, ಬೆರಳಿಗೆ ಎಣ್ಣೆ ಹಚ್ಚಿ ನೋಡ್ಕೊಂಡ ನಿಮ್ಮಮ್ಮ, ಸೊಸೆನ ಸುಟ್ಟೋರು ಅನ್ನಿಸ್ಕೋಬೇಕಿತ್ತಾ? ನೀವು ಹೆಂಡ್ತಿನ ಸುಟ್ಟೋನು ಅನ್ನಿಸ್ಕೋಬೇಕಿತ್ತಾ? ಅಷ್ಟು ನಾಚಿಕೆ ಏನ್ರೀ ನಿಮಗೆ ನನ್ನ ಕೆಲಸ ಅಂದ್ರೆ?”

 ಹಿಂದೆ ಯಾರದೋ ಟಿವಿ ಕೇಳುತ್ತಿತ್ತು. ಇವರು ಬಾಗಿಲು ಹಾಕಿಕೊಂಡ ಸದ್ದಾಯಿತು.

“ನಾಚಿಕೆ ಅಲ್ಲ” ಎಂದರು. “ನಿನ್ನ ಆ ಲಾಂಡ್ರಿಯಿಂದ ಬಿಡಿಸ್ಬೇಕು ಅಂತ ಹೊರಟು ಬಂದೋನು ನಾನು. ಇಷ್ಟು ವರ್ಷ ಆದ್ರೂ ಆಗ್ಲಿಲ್ಲ. ಆ ಜಾಗ ತುಂಬೋವಾಗ ಲಾಂಡ್ರಿ ಅಂತ ಬರೆಯೋಕೆ ಕೈ ಬರ್ಲಿಲ್ಲ. ಕಾಗದದ ಮೇಲಾದ್ರೂ ಬಿಡಿಸ್ದೆ.”

  ಮೊದಲೇ ಹೇಳುವುದಕ್ಕೆ ಏನಾಗಿತ್ತು ಈ ಮನುಷ್ಯನಿಗೆ. ಇನ್ನೂ ಸಿಟ್ಟಿದೆ, ಬೇಕಾದಷ್ಟಿದೆ, ಆದರೆ ಎಲ್ಲಿಡುವುದು ಎಂದು ಗೊತ್ತಾಗುತ್ತಿಲ್ಲ.

ಜೂನ್ 16, ಭಾನುವಾರ

ಅಲ್ಲಿನ ಆಫೀಸಿನವರು ಇವರನ್ನು ಶುಕ್ರವಾರ ವಿಚಾರಣೆಗೆ ಕರೆದಿದ್ದಾರೆ. ಅರ್ಜಿಯಲ್ಲಿ ಒಂದು, ಪೊಲೀಸ್ ಪತ್ರದಲ್ಲಿ ಇನ್ನೊಂದು. ಮೇಸ್ತ್ರಿಯ ಪತ್ರ ಸಾಕಾಗುವುದಿಲ್ಲವಂತೆ, ಹೆಂಡತಿ ಏನು ಮಾಡುತ್ತಾಳೆ ಎಂದು ಗಂಡ ತನ್ನ ಬಾಯಿಂದ ಹೇಳಬೇಕು. ಅವರು ನಂಬಿದರೆ ಫೈಲು ಮುಂದೆ. ನಂಬದಿದ್ದರೆ ಇದು ವೀಸಾಕ್ಕಾಗಿ ಹೇಳಿಕೊಂಡ ಸುಳ್ಳು ಮದುವೆ ಎಂದು ಬರೆದು ಮುಚ್ಚುತ್ತಾರೆ.

“ಏನು ಹೇಳ್ತೀರಿ?” ಎಂದು ಕೇಳಿದೆ.

“ಲಾಂಡ್ರೀಲಿ ಕೆಲ್ಸ. ಬಟ್ಟೆ ಒಗೀತಾಳೆ.”

“ನಾನು ಒಗೆಯೋದೇ ಇಲ್ಲ. ಒಗೆಯೋದು ಯಂತ್ರ.”

“ಮತ್ತೆ ನೀನೇನು ಮಾಡ್ತೀಯ?”

ಮದುವೆಯಾಗಿ ಇಷ್ಟು ವರ್ಷ. ಒಂದು ದಿನವೂ ಇವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ವಿಡಿಯೋ ಹಾಕಿಸಿದೆ. ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಹಾಸಿಗೆಯ ಬಟ್ಟೆಯ ಒಂದು ತುದಿ ಅತ್ತೆಯ ಕೈಗೆ ಕೊಟ್ಟೆ. “ನೋಡಿ. ಮೊದಲು ಮೂಲೆ. ಬೆರಳ ತುದೀಲಿ ಹಿಡೀಬೇಕು, ಮುಷ್ಟೀಲಿ ಅಲ್ಲ. ಒಂದು ಸಲ ಕೊಡವಿದ್ರೆ ಮಧ್ಯದ ಗಾಳಿ ಹೋಗ್ಬೇಕು. ದಪ್ಪ ಅಂಚಿದೆಯಲ್ಲ, ತಲೆಪಟ್ಟಿ, ಅದು ಒಳಗೆ ಬರ್ಬೇಕು. ಆಗ ನರ್ಸಮ್ಮ ಹಾಸಿಗೆ ಮೇಲಿಟ್ಟು ಒಂದು ಸಲ ಎಳೆದ್ರೆ ಸಾಕು, ತಲೆ ಕಡೆಗೇ ಬಿಚ್ಕೊಳ್ಳುತ್ತೆ. ರೋಗೀನ ಎರಡು ಸಲ ಹೊರಳಿಸೋ ಹಾಗಿರಲ್ಲ. ಈಗ ನೀವು ಮಾಡಿ.”

ಇವರು ಆ ಕಡೆ ತಮ್ಮ ಮಂಚದ ಬಟ್ಟೆ ಎಳೆದುಕೊಂಡರು. ಒಂದು ಮೂಲೆಯನ್ನು ಗದ್ದದ ಕೆಳಗೆ ಹಿಡಿದುಕೊಂಡರು, ಇನ್ನೊಂದನ್ನು ಮೊಣಕಾಲ ನಡುವೆ ಸಿಕ್ಕಿಸಿದರು. ಗದ್ದದ್ದು ಜಾರಿತು. ಅದನ್ನು ಹಿಡಿಯಲು ಹೋದರೆ ಮೊಣಕಾಲಿನದು ಜಾರಿತು. ಅತ್ತೆ ನಗು ತಡೆಯಲಾರದೆ ಒಳಗೆ ಹೋದರು.

“ಒಬ್ಬನಿಗೆ ಆಗಲ್ಲ ಕಣೇ ಇದು” ಎಂದರು.

“ಮತ್ತೆ? ಏನಂದ್ಕೊಂಡಿದ್ರಿ?” ಎಂದು ಗದರಿದೆ. ಆ ಕೋಣೆಯಲ್ಲಿ ಮಂಚ ಒಂದೇ ಎನ್ನುವುದನ್ನು ಇವತ್ತೇ ಸರಿಯಾಗಿ ನೋಡಿದ್ದು.

ಜೂನ್ 20

ಇವತ್ತೂ ತಪ್ಪು ಹೇಳಿದರು. ಇವರಿಗೆ ಪಾಠ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಲಾಂಡ್ರಿಯಲ್ಲಿ ಒಬ್ಬ ಹೊಸ ಹುಡುಗಿಯನ್ನು ಅಕ್ಕನ ಎದುರು ನಿಲ್ಲಿಸಿ ಕಲಿಸುತ್ತಿದ್ದೇನೆ, ಮುಂದೆ ಅಕ್ಕ ಮತ್ತೆ ಕೊಳೆ ಕೋಣೆಗೆ ಹೋಗಬಾರದು ಎಂದು. ಅವಳಾದರೂ ಬೇಗ ಕಲಿಯುತ್ತಾಳೆ.

ಜೂನ್ 21, ಶುಕ್ರವಾರ

ಲಾಂಡ್ರಿಯಿಂದ ಬಂದು ಫೋನಿನ ಮುಂದೆ ಕೂತೆ. ಅತ್ತೆ ಎದುರಿಗೆ ಕೂತರು.  ಕೊನೆಗೂ ಇವರ ಫೋನು ಬಂತು.

“ಏನಂದ್ರು?”

“ತೀರ್ಮಾನ ಪತ್ರದಲ್ಲಿ ಬರುತ್ತಂತೆ.”

“ಅದಲ್ಲ. ಏನು ಕೇಳಿದ್ರು, ನೀವೇನು ಹೇಳಿದ್ರಿ?”

“ಹೆಂಡ್ತಿ ಏನು ಕೆಲ್ಸ ಮಾಡ್ತಾರೆ ಅಂದ್ರು. ಶೀಟು ಮಡಚ್ತಾಳೆ ಅಂದೆ. ಅಷ್ಟೇನಾ ಅನ್ನೋ ಹಾಗೆ ನೋಡಿದ್ರು. ನಂಗ್ಯಾಕೋ ಸಿಟ್ಟು ಬಂತು. ಎದ್ದು ನಿಂತ್ಕೊಂಡೆ.”

ಇವರಿಗೆ ಸಿಟ್ಟು. ನಾನು ಅತ್ತೆಯ ಮುಖ ನೋಡಿದೆ.

“ಕೈಯಲ್ಲಿ ಏನೂ ಇರ್ಲಿಲ್ಲ. ಗಾಳೀಲೇ ಮಾಡಿ ತೋರ್ಸಿದೆ. ರೋಲರಿಂದ ಬಿಸಿ ಬಿಸಿ ಹೊರಗೆ ಬರುತ್ತೆ, ಬೆರಳು ಸವೆಯೋದು ಹೀಗೆ, ಅಂಚು ತಾಗಿ ಬರೆ ಬೀಳೋದು ಇಲ್ಲಿ, ಅಂತ. ಸಾಕು ಕೂತ್ಕೊಳ್ಳಿ ಅಂದ್ರು. ನಾನು ಕೂರ್ಲಿಲ್ಲ, ಇನ್ನೂ ಅರ್ಧ ಇತ್ತಲ್ಲ. ಆಮೇಲೆ ಆ ಅಧಿಕಾರಿ, ಇನ್ನೊಂದು ತುದಿ ಯಾರು ಹಿಡ್ಕೋತಾರೆ ಅಂತ ಕೇಳಿದ್ರು. ಅಲ್ಲಿ ಅವಳಿಗೆ ಒಬ್ಬ ಅಕ್ಕ ಇದ್ದಾಳೆ, ಇಲ್ಲಿ ನಂಗೆ ಯಾರೂ ಇಲ್ಲ, ಅಂದೆ. ಅದನ್ನ ಬರ್ಕೊಂಡ್ರು.”

 ನಾನು ಕೇಳಿದ್ದು ಒಂದೇ, “ತಲೆಪಟ್ಟಿ ಒಳಗೆ ಅಂದ್ರೋ ಹೊರಗೆ ಅಂದ್ರೋ?”

“ಹೊರಗೆ ತಾನೆ?”

ಬಾಯಿಗೆ ಬಂದ ಹಾಗೆ ಬೈದೆ. ಒಂದು ವಾರ ಗಂಟಲು ಹರಿದುಕೊಂಡಿದ್ದೇನೆ, ಇಡೀ ದೇಶದ ಆಫೀಸಿನ ಮುಂದೆ ನನ್ನ ಕೆಲಸ ಕೆಡಿಸಿದ್ದೀರಿ, ನೀವು ಮಡಚಿದ ಶೀಟಿನ ಮೇಲೆ ರೋಗಿ ಮಲಗಿದ ಹಾಗೆಯೇ ಎಂದೆ. ಇವರು ಫೋನಿಡದೆ, ಕಿಟಕಿ ಮುಚ್ಚದೆ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, “ಇರು, ಪೆನ್ನು ತಗೋತೀನಿ. ಮೊದಲಿಂದ ಹೇಳು, ಬರ್ಕೋತೀನಿ” ಎಂದರು.